ಬೇರೆಯವರ ಕಂಪ್ಯೂಟರಿಗೆ ಡೆಬಿಯನ್ ಸಿಡ್ ಹಾಕಿಕೊಡುವ ಮೊದಲು

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ.

ಕಾಸರಗೋಡಿನ ಬದಿಯಡ್ಕದಲ್ಲಿ ನನ್ನ ಪರಿಚಯದ ಅಣ್ಣನೊಬ್ಬರ ಡಿಟಿಪಿ ಅಂಗಡಿ ಇದೆ. ನೇಮ, ಬ್ರಹ್ಮಕಲಶ, ಯಕ್ಷಗಾನ, ಮದುವೆ, ಎಲ್ಲದರ ಆಮಂತ್ರಣ ಅಲ್ಲೇ ಟೈಪ್ ಆಗುವುದು. ಹಳೇ ವಿಂಡೋಸ್ ತೀರಾ ನಿಧಾನ ಆಗಿತ್ತು. ಕೇರಳದ ಶಾಲೆಗಳಲ್ಲಿ ಲಿನಕ್ಸೇ ಕಲಿಸುವುದರಿಂದ ಅವರ ಮಗಳಿಗೆ ಅದು ಹೊಸದಲ್ಲ. "ಅದನ್ನೇ ಹಾಕಿ ಕೊಡು ಮಾರಾಯ" ಅಂದರು. ಹಾಕಿಕೊಟ್ಟೆ. ಡೆಬಿಯನ್ ಎಂಬ ಲಿನಕ್ಸ್. ಆದರೆ ಚೆನ್ನಾಗಿ ಪರೀಕ್ಷಿಸಿ ಬಿಡುವ ಅದರ ಸ್ಟೇಬಲ್ ಆವೃತ್ತಿ ಅಲ್ಲ, ಸಿಡ್.

ಸಿಡ್ ಅಂದರೆ ಡೆಬಿಯನ್ನಿನ ಅನ್‌ಸ್ಟೇಬಲ್ ಶಾಖೆ, ಹೊಸ ಆವೃತ್ತಿಗಳು ಮೊದಲು ಬಂದು ಬೀಳುವ ಜಾಗ. ಕಾರ್ಟೂನ್ ಸಿನಿಮಾವೊಂದರಲ್ಲಿ ಆಟಿಕೆ ಮುರಿಯುವ ಪಕ್ಕದ ಮನೆ ಹುಡುಗನ ಹೆಸರು ಅದು. ಹೆಸರಲ್ಲೇ ಎಚ್ಚರಿಕೆ ಇತ್ತು, ಅಲ್ವಾ? ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ನಡೆಯುತ್ತಿತ್ತು, ಅವರಿಗೂ ಟೈಪ್ ಮಾಡುವ ಲಿಬ್ರೆಆಫೀಸ್ ಹೊಸದೇ ಸಿಗಲಿ ಅಂತ ನನ್ನ ಲೆಕ್ಕ. ಸಾಲದೆಂದು ದಿನಾ ತಾನೇ ಅಪ್‌ಡೇಟ್ ಆಗಲು ಹೇಳಿದ ಹೊತ್ತಿಗೆ ಕೆಲಸ ಮಾಡಿಸುವ ಕ್ರಾನ್‌ನಲ್ಲಿ ಒಂದು ಸಾಲು ಬರೆದಿಟ್ಟೆ: ಫುಲ್-ಅಪ್‌ಗ್ರೇಡ್, ಜೊತೆಗೆ ಮೈನಸ್ ವೈ. ಏನು ಕೇಳಿದರೂ ಹೂಂ ಅನ್ನು ಎಂದು.

2024ರ ಮಾರ್ಚ್. 32 ಬಿಟ್ ಯಂತ್ರಗಳು ಸೆಕೆಂಡು ಎಣಿಸಿ ಇಡುವ ಸಮಯದ ಲೆಕ್ಕ 2038ರ ಜನವರಿ 19ಕ್ಕೆ ತುಂಬಿ ತಪ್ಪಿಹೋಗುತ್ತದೆ. ಅದನ್ನು ಸರಿಮಾಡಲು ಸಿಡ್‌ನಲ್ಲಿ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ನೂರಾರು ಲೈಬ್ರರಿಗಳ ಹೆಸರಿಗೆ 'ಟಿ64' ಬಾಲ ಸೇರಿಸಿ ಮತ್ತೆ ಬಿಲ್ಡ್ ಮಾಡುತ್ತಿದ್ದರು. ಅಂಗಡಿಯದು 64 ಬಿಟ್ ಯಂತ್ರ, ಆ ತೊಂದರೆ ಅದಕ್ಕಿಲ್ಲ. ಆದರೆ ಹೆಸರು ಅಲ್ಲೂ ಬದಲಾಯಿತು. ಹೊಸ ಲೈಬ್ರರಿ ಬಂತು, ಹಳೆಯದು ಹೋಗಬೇಕು, ಹಳೆಯದನ್ನೇ ನಂಬಿದ ಪ್ರೋಗ್ರಾಂ ಇನ್ನೂ ಹೊಸದಾಗಿ ಬಂದಿಲ್ಲ. ಆಗ ಫುಲ್-ಅಪ್‌ಗ್ರೇಡ್ ಆ ಪ್ರೋಗ್ರಾಮನ್ನೇ ತೆಗೆಯಲಾ ಅಂತ ಕೇಳುತ್ತದೆ. ನನ್ನ ಸಾಲು ಹೂಂ ಅಂದಿತು.

ಬೆಳಿಗ್ಗೆ ಫೋನ್. "ಇದೆಂತ ಮಾರಾಯ, ಇಡೀ ಕಪ್ಪು. ಮೇಲೆ ಲಾಗಿನ್ ಅಂತ ಮಾತ್ರ ಉಂಟು."

ಹೋಗಿ, ಪ್ರೋಗ್ರಾಂ ಹಾಕುವ, ತೆಗೆಯುವ ಏಪಿಟಿಯ ಹಿಸ್ಟರಿ ಲಾಗ್ ತೆರೆದೆ. 'ರಿಮೂವ್' ಎಂಬ ಪದದ ಮುಂದೆ ಹೆಸರುಗಳು ಪರದೆ ತುಂಬಿ ಹರಿದಿದ್ದವು. ಡೆಸ್ಕ್‌ಟಾಪ್, ಲಿಬ್ರೆಆಫೀಸ್, ಕನ್ನಡ ಟೈಪ್ ಮಾಡುವ ಐಬಸ್ ಸಹ. ಎದುರು ಬೆಂಚಿನಲ್ಲಿ ನೇಮದ ಆಮಂತ್ರಣಕ್ಕೆ ಬಂದ ಇಬ್ಬರು ಕೂತಿದ್ದರು. ಫೈಲಿಗೆ ಏನೂ ಆಗಿರಲಿಲ್ಲ. ಪೆನ್‌ಡ್ರೈವಿಗೆ ಹಾಕಿ ಪಕ್ಕದ ಅಂಗಡಿಯಲ್ಲಿ ತೆರೆದರೆ ಅಲ್ಲಿ ಆ ಫಾಂಟ್ ಇಲ್ಲ. ಸಾಲುಗಳೆಲ್ಲ ಜಾರಿ ಎರಡು ಪುಟದ್ದು ಮೂರಾಯಿತು.

ಅದೇ ತಿಂಗಳ ಕೊನೆಗೆ, ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಲೈಬ್ರರಿಯ 5.6.0 ಮತ್ತು 5.6.1ರಲ್ಲಿ ಕದ್ದು ನುಗ್ಗಲು ಯಾರೋ ಇಟ್ಟ ಹಿಂಬಾಗಿಲು ಬಯಲಾಯಿತು. ಸಿಡ್‌ಗೆ ಅದು ಬಂದಿತ್ತು, ಸ್ಟೇಬಲ್‌ಗೆ ತಲುಪಿರಲಿಲ್ಲ. ದೂರದಿಂದ ಯಂತ್ರದೊಳಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾದದ್ದನ್ನು ಕಂಡು ಹಿಡಿದವರು ಡೆವಲಪರ್ ಆಂಡ್ರೆಸ್ ಫ್ರಾಯಿಂಡ್. ಅವರ ಯಂತ್ರದಲ್ಲಿದ್ದದ್ದೂ ಸಿಡ್ಡೇ. ಅದು ಇರುವುದು ಅಂಥವರಿಗೆ. ಆಮಂತ್ರಣ ಟೈಪ್ ಮಾಡುವವರಿಗೆ ಸ್ಟೇಬಲ್ ಹಾಕಿ. ಹೊಸ ಲಿಬ್ರೆಆಫೀಸ್ ಬೇಕೇ ಬೇಕಾದರೆ ಸ್ಟೇಬಲ್ ಮೇಲೇ ಹೊಸ ಪ್ರೋಗ್ರಾಂ ಕೊಡುವ ಬ್ಯಾಕ್‌ಪೋರ್ಟ್ಸ್ ಅಥವಾ ಫ್ಲ್ಯಾಟ್‌ಪ್ಯಾಕ್ ಉಂಟು. ತಾನೇ ಆಗುವ ಅಪ್‌ಡೇಟ್ ಸೆಕ್ಯುರಿಟಿಗೆ ಮಾತ್ರ ಇರಲಿ. ಮೈನಸ್ ವೈ ಅಂತೂ ನಿಮ್ಮ ಸ್ವಂತ ಯಂತ್ರಕ್ಕೂ ಸಿಡ್‌ನಲ್ಲಿ ಬೇಡ.

ಅಣ್ಣನ ಯಂತ್ರಕ್ಕೆ ಈಗ ಸ್ಟೇಬಲ್ ಹಾಕಿದ್ದೇನೆ. ಮಾನಿಟರಿನ ಅಂಚಿಗೆ ಅವರು ಕೆಂಪು ಪೆನ್ನಿನಲ್ಲಿ ಬರೆದು ಅಂಟಿಸಿದ್ದಾರೆ: 'ಅಪ್‌ಡೇಟ್ ಮಾಡಬಾರದು.' ಸೆಕ್ಯುರಿಟಿ ಅಪ್‌ಡೇಟ್ ಬೇರೆ ಅಣ್ಣಾ, ಅದು ಬೇಕು ಅಂತ ಹೇಳಿ ನೋಡಿದೆ.

"ನೀನು ಅವತ್ತೂ ಹೀಗೇ ಹೇಳಿದ್ದಿ" ಅಂದರು.