ನೀಸ್ ಸುತ್ತಲಿನ ಕಾಲುದಾರಿಗಳು: ಯಾವುದಕ್ಕೆ ಹೋಗಬೇಕು, ಯಾವುದನ್ನು ಬಿಡಬಹುದು

ಫ್ರಾನ್ಸಿನ ನೀಸ್ ಊರಿಗೆ ಬರುವ ಪರಿಚಯದವರೆಲ್ಲ ಒಂದಲ್ಲ ಒಂದು ಸಲ ಇದನ್ನು ಕೇಳುತ್ತಾರೆ: "ಒಂದು ದಿನ ಖಾಲಿ ಇದೆ, ನಡೆಯೋಕೆ ಎಲ್ಲಿಗೆ ಹೋಗಲಿ?" ಪಕ್ಕದ ಸೋಫಿಯಾ ಆಂಟಿಪೊಲಿಸ್‌ನ ಐಟಿ ಕಂಪನಿಗಳಿಗೆ ಬೆಂಗಳೂರಿನಿಂದ ಬಂದವರು ಇಲ್ಲಿದ್ದೇವೆ. ಆಫೀಸ್ ಕೆಲಸಕ್ಕೆ ವಾರದ ಮಟ್ಟಿಗೆ ಬಂದು ಹೋಗುವವರೂ ಇದ್ದಾರೆ. ಅವರೆಲ್ಲ ಮೊಬೈಲ್ ತೆಗೆದು ಹುಡುಕಿದರೆ ಮೊದಲು ಕಾಣಿಸುವ ಹೆಸರು ಎಝ್. ಬೆಟ್ಟದ ತುದಿಯ ಹಳ್ಳಿ, ಕೆಳಗೆ ಸಮುದ್ರ, ಚೆಂದದ ಫೋಟೋ. ನನ್ನನ್ನು ಕೇಳಿದರೆ ಮೊದಲ ಹೆಸರು ಅದಲ್ಲ.

ಯಾಕೆಂದರೆ ಇಲ್ಲಿ ನೋಟ ನೋಡಿ ದಾರಿ ಆರಿಸುವುದರಲ್ಲಿ ಅರ್ಥವಿಲ್ಲ. ಯಾವ ದಾರಿ ಹಿಡಿದರೂ ಅದೇ ನೀಲಿ ನೀರು, ಅದೇ ಬಿಳಿ ಸುಣ್ಣಕಲ್ಲು, ಅದೇ ಪೈನ್ ಮರ. ದಿನ ಚೆನ್ನಾಗಿ ಕಳೆಯಿತೋ ಹಾಳಾಯಿತೋ ಅಂತ ತೀರ್ಮಾನ ಆಗುವುದು ನೆರಳು ಎಲ್ಲಿದೆ, ಕಾಲಡಿ ಏನಿದೆ, ವಾಪಸ್ ಬರೋದು ಹೇಗೆ ಎನ್ನುವುದರ ಮೇಲೆ. ಇಲ್ಲಿರುವ ಐದೂ ದಾರಿಗಳನ್ನು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆಯವರ ಜೊತೆ ನಡೆದು ನೋಡಿದ್ದೇನೆ. ಆ ಲೆಕ್ಕದಲ್ಲೇ ಹೋಲಿಸುತ್ತೇನೆ.

ಒಂದು ಅನುಕೂಲ ಐದಕ್ಕೂ ಇದೆ. ನೀಸ್‌ನಿಂದ ಇಟಲಿಯ ಗಡಿಯ ಕಡೆ ಹೋಗುವ ಲೋಕಲ್ ರೈಲು ಸಮುದ್ರದ ಪಕ್ಕದಲ್ಲೇ ಓಡುತ್ತದೆ. ವಿಲ್‌ಫ್ರಾಂಶ್, ಬೋಲ್ಯು, ಎಝ್, ಕಾಪ್ ದಾಯ್, ಮೊನಾಕೊ, ರೋಕ್‌ಬ್ರೂನ್, ಮಾಂತೋಂ ಎಲ್ಲ ಒಂದೇ ಸಾಲಿನ ಸ್ಟೇಷನ್‌ಗಳು. ಹಾಗಾಗಿ ಒಂದು ಕಡೆ ಇಳಿದು, ನಡೆದು, ಇನ್ನೊಂದು ಕಡೆ ಹತ್ತಬಹುದು. ಆದರೆ ಎಲ್ಲ ರೈಲೂ ಸಣ್ಣ ಸ್ಟೇಷನ್‌ಗಳಲ್ಲಿ ನಿಲ್ಲುವುದಿಲ್ಲ. ಹತ್ತುವ ಮುಂಚೆ ಬೋರ್ಡ್ ನೋಡಿಕೊಳ್ಳಿ.

ಕಾಪ್ ಫೆರಾದಿಂದ ಶುರು ಮಾಡೋಣ. ಇದು ಸಮುದ್ರದೊಳಗೆ ಚಾಚಿಕೊಂಡಿರುವ ಭೂಶಿರ. ಜಗತ್ತಿನ ಅತಿ ದುಬಾರಿ ಮನೆಗಳಲ್ಲಿ ಕೆಲವು ಇಲ್ಲಿವೆ. ಬೆಲ್ಜಿಯಂನ ರಾಜ ಎರಡನೇ ಲಿಯೊಪೋಲ್ಡ್ ಇಲ್ಲಿ ದೊಡ್ಡ ಜಾಗ ಹಿಡಿದಿದ್ದ. ರಾಥ್ಸ್‌ಚೈಲ್ಡ್ ಮನೆತನದ ಹೆಣ್ಣುಮಗಳೊಬ್ಬಳು ಕಟ್ಟಿಸಿದ ಗುಲಾಬಿ ಬಂಗಲೆ ಈಗ ಟಿಕೆಟ್ ಕೊಟ್ಟು ನೋಡುವ ಜಾಗ. ಇಷ್ಟೆಲ್ಲ ಇದ್ದೂ ಸಮುದ್ರದ ಅಂಚು ಮಾತ್ರ ನಮ್ಮಂಥವರಿಗೆ ತೆರೆದೇ ಇದೆ. ಫ್ರಾನ್ಸಿನ ಕರಾವಳಿಯಲ್ಲಿ ಹಿಂದೆ ಸುಂಕದವರು ಕಳ್ಳಸಾಗಣೆ ಹಿಡಿಯಲು ಗಸ್ತು ತಿರುಗುತ್ತಿದ್ದ ದಾರಿಗಳಿದ್ದವು. 1976ರಲ್ಲಿ ಬಂದ ಕಾನೂನು, ಕಡಲಂಚಿನ ಖಾಸಗಿ ಜಮೀನಿನಲ್ಲೂ ನಡೆಯುವವರಿಗೆ 3 ಮೀಟರ್ ಅಗಲದ ದಾರಿ ಬಿಡಬೇಕು ಎಂದಿತು. ಕೋಟ್ಯಧಿಪತಿಯ ಕಾಂಪೌಂಡಿನ ಕೆಳಗೆ ಚಿತ್ರಾನ್ನದ ಡಬ್ಬಿ ಬಿಚ್ಚಿ ಕೂರುವ ಖುಷಿಯೇ ಬೇರೆ, ಅಲ್ವಾ?

ಪೂರ್ತಿ ಸುತ್ತು ಹೆಚ್ಚುಕಡಿಮೆ 7 ಕಿಲೋಮೀಟರ್. ಏರು ಅಷ್ಟಾಗಿ ಇಲ್ಲ. ಆದರೆ ಪಶ್ಚಿಮದ ಬದಿಯಲ್ಲಿ ಒಂದು ಮರವೂ ಇಲ್ಲದ ಉದ್ದನೆಯ ಜಾಗ ಬರುತ್ತದೆ, ಜುಲೈ ಮಧ್ಯಾಹ್ನ ಅಲ್ಲಿ ಸಿಕ್ಕಿಹಾಕಿಕೊಂಡರೆ ಕಷ್ಟ. ಇದಕ್ಕೆ ಸುಲಭದ ದಾರಿ ಇದೆ. ಬೆಳಗ್ಗೆ ಬೇಗ ಪಾಸಾಬ್ಲ್ ಬೀಚ್ ಕಡೆಯಿಂದ ಹೊರಡಿ. ಆ ಹೊತ್ತಿಗೆ ಸೂರ್ಯ ಭೂಶಿರದ ಆಚೆ ಇರುತ್ತಾನೆ, ಪಶ್ಚಿಮದ ಬದಿ ತಂಪಾಗಿರುತ್ತದೆ. ಲೈಟ್‌ಹೌಸ್ ದಾಟಿ ಪೂರ್ವಕ್ಕೆ ಬರುವಷ್ಟರಲ್ಲಿ ಹಳ್ಳಿ ಸಿಗುತ್ತದೆ, ಕಾಫಿ ಸಿಗುತ್ತದೆ, ಪಲೋಮಾ ಬೀಚಿನ ಹತ್ತಿರ ಪೈನ್ ಮರಗಳ ನೆರಳೂ ಸಿಗುತ್ತದೆ. ಹೆಚ್ಚಿನವರು ಇದನ್ನು ಉಲ್ಟಾ ಮಾಡಿ, ಮಟಮಟ ಮಧ್ಯಾಹ್ನ ಬೋಳು ಬಂಡೆಯ ಮೇಲೆ ಬೆವರು ಸುರಿಸುತ್ತಿರುತ್ತಾರೆ.

ಕಾಲಡಿ ಹೇಗಿದೆ ಅಂದರೆ, ದಾರಿ ಮಟ್ಟಸವಾಗೇ ಇದೆ. ದಾರಿ ಬಿಟ್ಟು ನೀರಿನ ಕಡೆ ಇಳಿದರೆ ಮಾತ್ರ ಹುಷಾರು. ಉಪ್ಪುನೀರು ಕೊರೆದ ಸುಣ್ಣಕಲ್ಲು ಇದು. ಮೈತುಂಬ ಸಣ್ಣ ಸಣ್ಣ ಗುಳಿ, ಗುಳಿಗಳ ನಡುವಿನ ಅಂಚು ಚೂಪು. ಬರಿಗಾಲಲ್ಲಿ ನಿಲ್ಲೋಕೆ ಆಗಲ್ಲ, ಚಪ್ಪಲಿ ಜಾರಿ ಕೈ ಊರಿದರೆ ಅಂಗೈ ಕಿತ್ತುಹೋಗುತ್ತದೆ. ಆ ಗುಳಿಗಳಲ್ಲಿ ನೀರು ಆರಿ ಉಪ್ಪಿನ ಹರಳು ಕೂತಿರುತ್ತದೆ. ಬೆರಳಿಗೆ ಅಂಟಿಸಿಕೊಂಡು ನಾಲಿಗೆಗೆ ಇಟ್ಟು ನೋಡಬಹುದು.

ಇನ್ನು ಎಝ್. ರೈಲು ಸ್ಟೇಷನ್ ಸಮುದ್ರದ ಮಟ್ಟದಲ್ಲಿದೆ. ಹಳ್ಳಿಯ ನೆತ್ತಿಯಲ್ಲಿರುವ ಪಾಪಾಸುಕಳ್ಳಿ ತೋಟದ ಎತ್ತರ 429 ಮೀಟರ್. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವರು ಅದರ ಮೇಲೆ ಇನ್ನೂ ಒಂದಷ್ಟು ಏರು ಸೇರಿಸಿಕೊಳ್ಳಿ. ಜೊತೆಗೆ ಇಲ್ಲಿ ನೆಟ್ಟಗಿನ ಮೆಟ್ಟಿಲಿಲ್ಲ, ಬಹುಪಾಲು ಸಡಿಲ ಕಲ್ಲಿನ ಹಾದಿ. ಆರಾಮಾಗಿ ಹತ್ತಿದರೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಈ ದಾರಿಗೆ ನೀಷೆಯ ಹೆಸರಿಟ್ಟಿದ್ದಾರೆ. ಜರ್ಮನಿಯ ಆ ತತ್ವಜ್ಞಾನಿ 1883ರಿಂದ ಕೆಲವು ಚಳಿಗಾಲಗಳನ್ನು ನೀಸ್‌ನಲ್ಲಿ ಕಳೆದ. ತನ್ನ ಪುಸ್ತಕವೊಂದರ ಮುಖ್ಯ ಭಾಗ ಸ್ಟೇಷನ್ನಿನಿಂದ ಎಝ್‌ಗೆ ಹತ್ತುವಾಗ ಮೂಡಿಬಂತು ಎಂದು ಅವನೇ ಬರೆದುಕೊಂಡಿದ್ದಾನೆ. ನನಗೆ ಅಲ್ಲಿ ಏದುಸಿರು ಬಿಟ್ಟು ಬೇರೇನೂ ಮೂಡಲಿಲ್ಲ.

ಹಾಗಂತ ಎಝ್ ಕೆಟ್ಟದ್ದು ಅಂತಲ್ಲ. ಹತ್ತುವುದು ನಿಜಕ್ಕೂ ಚೆನ್ನಾಗಿದೆ. ಕಣಿವೆಯ ಒಳಗೆ ತಿರುಗಿದಾಗ ರಸ್ತೆಯ ಸದ್ದು ಪೂರ್ತಿ ನಿಲ್ಲುತ್ತದೆ, ಕಾಡುಗಿಡಗಳ ಘಾಟು ಮೂಗಿಗೆ ಹೊಡೆಯುತ್ತದೆ. ನನ್ನ ತಕರಾರು ಮೇಲೆ ತಲುಪಿದ ಮೇಲಿನದು. ಅಷ್ಟು ಹೊತ್ತು ಒಬ್ಬರೇ ನಡೆದು ಬಂದು, ಸಡನ್ನಾಗಿ ಟೂರ್ ಬಸ್ಸಿನ ಗುಂಪಿನ ನಡುವೆ, ಸೋಪು ಸೆಂಟು ಮಾರುವ ಅಂಗಡಿಗಳ ಸಾಲಿನಲ್ಲಿ ನಿಂತಿರುತ್ತೀರಿ. ಹಳೆಯ ಕೋಟೆಯಲ್ಲಿ ಉಳಿದಿರುವುದು ಒಂದಷ್ಟು ಗೋಡೆ, ಅಷ್ಟೇ. 1706ರಲ್ಲಿ ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿ ಅದನ್ನು ಕೆಡವಿಸಿದ. ತೋಟಕ್ಕೆ ಟಿಕೆಟ್ ಇದೆ, ದುಡ್ಡಿಗೆ ಮೋಸವಿಲ್ಲ.

ಬಹಳ ಜನ ಬಸ್ಸಿನಲ್ಲಿ ಮೇಲೆ ಹೋಗಿ ನಡೆದು ಕೆಳಗಿಳಿಯುತ್ತಾರೆ, ಸುಲಭ ಅಂದುಕೊಂಡು. ನಾನು ಎರಡೂ ಮಾಡಿದ್ದೇನೆ. ಇಳಿಯುವುದೇ ಕಷ್ಟ. ಸಡಿಲ ಕಲ್ಲು ಕಾಲಡಿ ಉರುಳುತ್ತದೆ, ಪ್ರತಿ ಹೆಜ್ಜೆಗೂ ಮಂಡಿಗೆ ಏಟು, ಕಣ್ಣು ನೆಲ ಬಿಟ್ಟು ಮೇಲೆ ಏಳುವುದಿಲ್ಲ. ನೋಟಕ್ಕೆಂದೇ ಬಂದು ನೋಟ ನೋಡದೆ ಇಳಿದ ಹಾಗೆ. ಹತ್ತಿ ಹೋಗಿ, ಬಸ್ಸಿನಲ್ಲಿ ಇಳಿಯಿರಿ. ಸೀಸನ್ನಿನಲ್ಲಿ ಸಂಜೆ ಬಸ್ಸಿಗೆ ಜನ ಜಾಸ್ತಿ, ಅದಕ್ಕೆ ಮಧ್ಯಾಹ್ನಕ್ಕೆ ಮುಂಚೆಯೇ ಇಳಿದುಬಿಡುವುದು ವಾಸಿ. ಮಳೆ ಬಂದ ಮಾರನೇ ದಿನ ಈ ದಾರಿಗೆ ಹೋಗಲೇಬೇಡಿ. ಒದ್ದೆಯಾದ ಸುಣ್ಣಕಲ್ಲು ತುಂಬಾ ಜಾರುತ್ತದೆ.

ಕಾಪ್ ದಾಯ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸ್ಟೇಷನ್ನಿನಿಂದ ಸಮುದ್ರಕ್ಕಿಳಿದು, ಮಾಲಾ ಬೀಚಿನ ಕಡೆಯಿಂದ ಮೊನಾಕೊದ ಗಡಿಯವರೆಗೆ ಸುಮಾರು ಮೂರೂವರೆ ಕಿಲೋಮೀಟರ್. ದಾರಿಗೆ ಕಾಂಕ್ರೀಟ್ ಹಾಕಿದ್ದಾರೆ, ಏರಿಳಿತ ಕಡಿಮೆ. ಊರಿನಿಂದ ಅಪ್ಪ ಅಮ್ಮ ಬಂದಾಗ ಕರೆದುಕೊಂಡು ಹೋಗಿದ್ದು ಇಲ್ಲಿಗೇ. ಅಮ್ಮ ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು ನನಗಿಂತ ಮುಂದೆ ನಡೆದರು. ಅವರ ದೂರು ಒಂದೇ: "ಎಲ್ಲಾ ಸರಿ ಕಣೋ, ಕೂರೋಕೆ ಒಂದು ಕಟ್ಟೆ ಇಲ್ವಲ್ಲೋ." ನಿಜವೇ, ಬೆಂಚುಗಳು ಕಡಿಮೆ. ಜೋರು ಅಲೆ ಇರುವ ದಿನ ನೀರು ದಾರಿಯ ಮೇಲೇ ಹಾಯುತ್ತದೆ, ಆಗ ಗೇಟು ಹಾಕುತ್ತಾರೆ. ಗೇಟು ಪಕ್ಕದಿಂದ ನುಸುಳಿ ಹೋಗುವವರನ್ನೂ ನೋಡಿದ್ದೇನೆ. ಅಂಥ ಸಾಹಸ ಬೇಡ.

ಈಗ ನನ್ನ ಮೊದಲ ಆಯ್ಕೆಗೆ ಬರುತ್ತೇನೆ. ಇದಕ್ಕೆ ರೈಲೂ ಬೇಡ. ನೀಸ್‌ನ ಬಂದರು ದಾಟಿ ಪೂರ್ವಕ್ಕೆ ನಡೆದರೆ ಕೊಕೊ ಬೀಚ್ ಅನ್ನುವ ಬಂಡೆಗಳ ಜಾಗ ಸಿಗುತ್ತದೆ. ಚಳಿಗಾಲದಲ್ಲೂ ಊರಿನ ವಯಸ್ಸಾದವರು ಅಲ್ಲಿ ಈಜುತ್ತಿರುತ್ತಾರೆ. ಅಲ್ಲಿಂದ ಕಾಪ್ ದ ನೀಸ್ ಸುತ್ತುವ ದಾರಿ ಶುರು. ಹತ್ತು ಮೆಟ್ಟಿಲು ಮೇಲೆ, ಹದಿನೈದು ಕೆಳಗೆ, ಮತ್ತೆ ಮೇಲೆ, ಹೀಗೇ ಸಾಗುತ್ತದೆ. ದೂರ ಕಡಿಮೆಯಾದರೂ ತೊಡೆಗೆ ಒಳ್ಳೆಯ ಕೆಲಸ.

ದಾರಿಗೆ ಹೊರಡುವ ಮುಂಚೆ ತಲೆ ಎತ್ತಿದರೆ ಬೆಟ್ಟದ ಮೈಯಲ್ಲಿ ಗುಲಾಬಿ ಬಣ್ಣದ ಒಂದು ವಿಚಿತ್ರ ಮನೆ ಕಾಣುತ್ತದೆ. ಗುಮ್ಮಟ, ಗೋಪುರ, ಕಮಾನು, ಫ್ರಾನ್ಸಿಗೆ ಸ್ವಲ್ಪವೂ ಹೊಂದದ ಕಟ್ಟಡ. ಇಲ್ಲಿಯವರು ಅದನ್ನು ಇಂಗ್ಲಿಷಿನವನ ಕೋಟೆ ಅನ್ನುತ್ತಾರೆ. ಆ ಇಂಗ್ಲಿಷಿನವನು ರಾಬರ್ಟ್ ಸ್ಮಿತ್, ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೇನೆಯ ಎಂಜಿನಿಯರ್. ದೆಹಲಿಯ ಕುತುಬ್ ಮಿನಾರ್ ರಿಪೇರಿ ಮಾಡಿಸಿ, ಅದರ ತುದಿಗೆ ತನ್ನದೇ ಒಂದು ಮಂಟಪ ಕೂರಿಸಿದವನು ಇವನೇ. ಅದು ಯಾರಿಗೂ ಹಿಡಿಸಲಿಲ್ಲ. 1848ರಲ್ಲಿ ಇಳಿಸಿ ಕೆಳಗಿನ ಹುಲ್ಲುಹಾಸಿನ ಮೇಲೆ ಇಟ್ಟರು. ಕುತುಬ್ ನೋಡಲು ಹೋದವರು ಅಲ್ಲಿ ಅದನ್ನು ಈಗಲೂ ನೋಡಬಹುದು. ನಿವೃತ್ತನಾದ ಮೇಲೆ ಸ್ಮಿತ್ ನೀಸ್‌ಗೆ ಬಂದು, 1850ರ ದಶಕದಲ್ಲಿ ಈ ಮನೆ ಕಟ್ಟಿಸಿದ. ದೆಹಲಿಯವರು ಬೇಡವೆಂದ ಗುಮ್ಮಟದ ಆಸೆಯನ್ನು ಇಲ್ಲಿ ತೀರಿಸಿಕೊಂಡ ಅನ್ನಿಸುತ್ತದೆ.

ದಾರಿಯ ಕೊನೆಯಲ್ಲಿ ಮೆಟ್ಟಿಲು ಹತ್ತಿ ರಸ್ತೆಗೆ ಬಂದು, ಅಲ್ಲಿಂದ ಮೋಂ ಬೋರೋಂ ಕಾಡಿನೊಳಗೆ ಏರಬಹುದು. ಐದರಲ್ಲಿ ಮನಸ್ಸಿಗೆ ಬಂದಷ್ಟು ನೆರಳು ಸಿಗುವುದು ಇಲ್ಲಿ ಮಾತ್ರ. ಎಲ್ಲ ಅಲೆಪ್ಪೊ ಪೈನ್, ಕೆಳಗೆ ದಪ್ಪನೆಯ ಸೂಜಿ ಎಲೆಗಳ ಹಾಸು, ಕಾಲಿಗೆ ಹಿತ. ನೆತ್ತಿಯಲ್ಲಿ 16ನೇ ಶತಮಾನದ ಮೋಂ ಆಲ್ಬಾಂ ಕೋಟೆ. ಅಲ್ಲಿ ನಿಂತರೆ ಒಂದು ಕಡೆ ನೀಸ್ ಪೂರ್ತಿ, ಸಮುದ್ರ ತುಂಬಿಸಿ ಕಟ್ಟಿದ ಏರ್‌ಪೋರ್ಟ್ ಸಮೇತ. ಇನ್ನೊಂದು ಕಡೆ ವಿಲ್‌ಫ್ರಾಂಶ್ ಕೊಲ್ಲಿ, ಅದರಾಚೆ ಕಾಪ್ ಫೆರಾ. ಜನವರಿಯ ತಿಳಿ ಬೆಳಗಿನಲ್ಲಿ ಬೆನ್ನ ಹಿಂದೆ ಆಲ್ಪ್ಸ್‌ನ ಹಿಮ. ಬೆಳಕು ಹರಿಯುವ ಹೊತ್ತಿಗೇ ಹೋದರೆ ಸಮುದ್ರದಾಚೆ ಕಾರ್ಸಿಕಾದ ಬೆಟ್ಟಗಳೂ ಕೆಲವೊಮ್ಮೆ ಕಾಣುತ್ತವೆ. ಎಝ್‌ನ ಅರ್ಧದಷ್ಟು ಏರು, ನೋಟಕ್ಕೆ ಏನೂ ಕೊರತೆಯಿಲ್ಲ, ಟಿಕೆಟ್ಟೂ ಇಲ್ಲ. ಕಾಲು ಸೋತರೆ ಯಾವ ಜಾಗದಿಂದಲಾದರೂ ಊರಿಗೆ ಇಳಿದುಬಿಡಬಹುದು. ಸೋಲದಿದ್ದರೆ ಇನ್ನೊಂದು ಬದಿಗೆ ವಿಲ್‌ಫ್ರಾಂಶ್‌ಗೆ ಇಳಿದು, 13ನೇ ಶತಮಾನದ ಮುಚ್ಚಿದ ಬೀದಿಯ ತಂಪಿನಲ್ಲಿ ಓಡಾಡಿ, ರೈಲು ಹಿಡಿಯಬಹುದು. ಹತ್ತು ನಿಮಿಷದೊಳಗೆ ನೀಸ್.

ನೀಸ್‌ಗೆ ಬಂದಮೇಲೆ ಹೊಟ್ಟೆಯ ಮಾತು. ಸಸ್ಯಾಹಾರಿಗಳಿಗೆ ಇಲ್ಲಿ ಟ್ಯೂನಾ ಮೀನು, ಆಂಚೊವಿ ಮೀನಿನ ಕಾಟ, ಸಲಾಡಿನಲ್ಲೂ ಅವೇ ಇರುತ್ತವೆ. ಸೊಕ್ಕಾ ಕೇಳಿ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಅಷ್ಟೇ. ದೊಡ್ಡ ತಾಮ್ರದ ತಟ್ಟೆಯಲ್ಲಿ ಸೌದೆ ಒಲೆಯಲ್ಲಿ ಬೇಯಿಸಿ, ಕಾಳುಮೆಣಸಿನ ಪುಡಿ ಉದುರಿಸಿ ಕೊಡುತ್ತಾರೆ. ಅಂಚು ಸೀದಿರುವ ತುಂಡು ಕೇಳಿ ಹಾಕಿಸಿಕೊಳ್ಳಿ.

ಕೊನೆಯದು ಕಾಪ್ ಮಾರ್ತಾಂ. ರೋಕ್‌ಬ್ರೂನ್ ಸ್ಟೇಷನ್ನಿನಲ್ಲಿ ಇಳಿದು ಮಾಂತೋಂ ಕಡೆಗೆ ನಡೆಯುವ ದಾರಿ. ಚಂಡೀಗಢವನ್ನು ರೂಪಿಸಿದ ಲ ಕೊರ್ಬುಸಿಯೆ ಹೆಸರಿನದು. ಸ್ಟೇಷನ್ನಿನ ಹತ್ತಿರದಲ್ಲೇ 1950ರ ದಶಕದ ಆರಂಭದಲ್ಲಿ ಅವರು ತಮಗಾಗಿ ಕಟ್ಟಿಕೊಂಡ ಮರದ ಗುಡಿಸಲು ಇದೆ. ಉದ್ದ 3.66 ಮೀಟರ್, ಅಗಲವೂ ಅಷ್ಟೇ. ಅಷ್ಟು ದೊಡ್ಡ ನಗರದ ನಕ್ಷೆ ಬರೆದವರಿಗೆ ಬೇಸಿಗೆ ಕಳೆಯಲು ಇಷ್ಟೇ ಸಾಕಾಗಿತ್ತು. 1965ರ ಆಗಸ್ಟಿನಲ್ಲಿ ಇಲ್ಲೇ ಕೆಳಗಿನ ಸಮುದ್ರದಲ್ಲಿ ಈಜುವಾಗ ತೀರಿಕೊಂಡರು. ಗುಡಿಸಲನ್ನು 2016ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿಸಿದೆ. ಒಳಗೆ ನೋಡಬೇಕಾದರೆ ಗೈಡ್ ಜೊತೆಗೆ, ಮೊದಲೇ ಬುಕ್ ಮಾಡಿಕೊಂಡು ಹೋಗಬೇಕು.

ಕಟ್ಟಡಗಳಲ್ಲಿ ಆಸಕ್ತಿ ಇದ್ದವರಿಗೆ ಇದೇ ಮೊದಲು, ಬೇರೆಯವರಿಗೆ ಇದು ಎರಡನೇ ದಿನದ ದಾರಿ. ಬರೀ ನಡಿಗೆ ಅಂತ ನೋಡಿದರೆ ಕಾಪ್ ಫೆರಾಗಿಂತ ನೆರಳು ಜಾಸ್ತಿ, ಜನ ಕಡಿಮೆ. ಆದರೆ ನೀಸ್‌ನಿಂದ ದೂರ. ಬೇಸಿಗೆಯ ಭಾನುವಾರ ಸಂಜೆ ವಾಪಸ್ ರೈಲು ಬೀಚಿಗೆ ಹೋಗಿಬಂದವರಿಂದ ತುಂಬಿರುತ್ತದೆ. ನಡುವಿನ ಸಣ್ಣ ಸ್ಟೇಷನ್ನಿನಲ್ಲಿ ಕಾಯುವ ಬದಲು ಮಾಂತೋಂವರೆಗೆ ನಡೆದು ಅಲ್ಲೇ ಹತ್ತಿ, ಸೀಟು ಸಿಗುವ ಸಾಧ್ಯತೆ ಜಾಸ್ತಿ.