ಕೆಮಿಕಲ್ ಅರ್ಥಿಂಗ್ ಮತ್ತು ಆರ್‌ಸಿಸಿಬಿ: ದಾಬೋಳಿಯ ಕೆಂಪು ಕಲ್ಲಿನ ಮೇಲೆ ನಾಲ್ಕು ಮಳೆಗಾಲ

2021ರ ಏಪ್ರಿಲ್‌ನಲ್ಲಿ ಒಂದು ದಿನ ಅತ್ತೆ ಬಚ್ಚಲಿಂದ ಹೊರಗೆ ಬಂದವರೇ, "ನಲ್ಲಿ ಮುಟ್ಟಿದ್ರ ಕೈ ಜುಮ್ ಅಂತೈತಿ" ಅಂದರು. ಹೋಗಿ ಟೆಸ್ಟರ್ ಹಿಡಿದೆ. ಗೀಸರ್ ಆನ್ ಇದ್ದರೆ ನಲ್ಲಿಯ ಮೇಲೆ ಟೆಸ್ಟರ್ ಹತ್ತುತ್ತಿತ್ತು, ಆಫ್ ಮಾಡಿದರೆ ಇಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮನೆಯಲ್ಲಿ ಚಿಕ್ಕ ಮಗು, ವಯಸ್ಸಾದವರು, ಎಲ್ಲರೂ ಬರಿಗಾಲಲ್ಲೇ ಓಡಾಡುತ್ತಾರೆ.

ಅದೇ ತಿಂಗಳು ಕೆಮಿಕಲ್ ಅರ್ಥಿಂಗ್ (ನೆಲದಲ್ಲಿ ಲೋಹದ ಕಂಬಿ ಇಳಿಸಿ ಸುತ್ತ ಪುಡಿ ತುಂಬುವ ಬಗೆ) ಮಾಡಿಸಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಎಲ್ಲಾದರೂ ಸೋರಿದರೆ ತಾನೇ ಬೀಳುವ ಸ್ವಿಚ್) ಹಾಕಿಸಿದೆವು. ಇದನ್ನು ಬರೆಯುತ್ತಿರುವುದು 2025ರ ಮೇ ತಿಂಗಳಲ್ಲಿ. ನಾಲ್ಕು ಮಳೆಗಾಲ ಕಳೆದಿದೆ. ಏನು ಚೆನ್ನಾಗಿದೆ, ಎಲ್ಲಿ ಕೈ ಕೊಟ್ಟಿತು ಅಂತ ಹೇಳುವಷ್ಟು ಅನುಭವ ಆಗಿದೆ.

ನಮ್ಮದು ಗೋವಾದ ವಾಸ್ಕೊ ಹತ್ತಿರದ ದಾಬೋಳಿಯಲ್ಲಿ ಹಳೆಯ ಒಂಟಿ ಮನೆ. ಕಂಬದಿಂದ ಬರುವುದು ಫೇಸ್ ಮತ್ತು ನ್ಯೂಟ್ರಲ್ ಎರಡೇ. ಆ ವೈರನ್ನು ಹೊತ್ತುಕೊಂಡಿರುವ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿಯನ್ನೇ ಹಿಂದೆ ಯಾರೋ ಅರ್ಥ್ ಅಂತ ಬೋರ್ಡಿಗೆ ಕಟ್ಟಿದ್ದರು. ಸಮುದ್ರದ ಗಾಳಿಗೆ ಅದು ತುಕ್ಕು ಹಿಡಿದು, ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಉದುರುತ್ತಿತ್ತು. ಹಿತ್ತಲಲ್ಲಿ ಇದ್ದಿಲು, ಉಪ್ಪು ತುಂಬಿದ ಹಳೆಯ ಪೈಪ್ ಅರ್ಥ್ ಕೂಡ ಇತ್ತು. ಅದಕ್ಕೆ ಯಾರೂ ವರ್ಷಗಟ್ಟಲೆ ನೀರು ಹಾಕಿರಲಿಲ್ಲ.

ಮೊದಲು ಬಂದ ಎಲೆಕ್ಟ್ರಿಷಿಯನ್ ಫೇಸ್ ಮತ್ತು ಅರ್ಥ್ ಮಧ್ಯೆ 100 ವ್ಯಾಟ್ ಬಲ್ಬ್ ಹಚ್ಚಿ, "ನೋಡಿ, ಉರೀತಿದೆ, ಅರ್ಥ್ ಸರಿ ಇದೆ" ಅಂದು ಹೊರಟುಬಿಟ್ಟ. ಎರಡನೆಯವರು ಹಾನಗಲ್ ಕಡೆಯವರು, ವಾಸ್ಕೊಗೆ ಬಂದು ಬಹಳ ವರ್ಷ ಆಗಿದೆ. ಅವರು ಅರ್ಥಿನ ರೆಸಿಸ್ಟೆನ್ಸ್ ಅಳೆಯುವ ಅರ್ಥ್ ಮೆಗ್ಗರ್ ತಂದಿದ್ದರು. "ಅಕ್ಕಾರ, ಬಲ್ಬ್ ಹತ್ತಿತಂದ್ರ ಅರ್ಥ್ ಚಲೋ ಐತಿ ಅಂತ ಅಲ್ರೀ" ಅಂದರು. 100 ವ್ಯಾಟ್ ಬಲ್ಬ್ ಎಳೆಯುವುದು ಅರ್ಧ ಆಂಪಿಯರ್‌ಗಿಂತ ಕಡಿಮೆ. ಉರಿಯುವಾಗ ಅದರದ್ದೇ ರೆಸಿಸ್ಟೆನ್ಸ್ 500 ಓಮ್‌ಗಿಂತ ಜಾಸ್ತಿ ಇರುತ್ತದೆ. ನಡುವೆ ಇನ್ನೊಂದು 60 ಓಮ್ ಸೇರಿದರೂ ಬೆಳಕಿನಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ.

ನಮ್ಮ ಹಳೆಯ ಅರ್ಥ್ ಬಂದದ್ದು 62 ಓಮ್ (ಇದು ಕಡಿಮೆ ಇದ್ದಷ್ಟೂ ಒಳ್ಳೆಯದು). ಇದರ ಅರ್ಥ ಏನು ಅಂತ ಅವರು ಬೋರ್ಡಿನ ಮುಚ್ಚಳದ ಮೇಲೆಯೇ ಲೆಕ್ಕ ಬರೆದು ತೋರಿಸಿದರು. ಗೀಸರಿನ ಫೇಸ್ ಬಾಡಿಗೆ ತಗುಲಿತು ಅಂದುಕೊಳ್ಳಿ. 230 ವೋಲ್ಟನ್ನು 62ರಿಂದ ಭಾಗಿಸಿದರೆ ನಾಲ್ಕು ಆಂಪಿಯರ್ ಕೂಡ ಆಗುವುದಿಲ್ಲ. ಗೀಸರಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್) 16 ಆಂಪಿಯರ್‌ನದ್ದು. ಸಿ ಟೈಪ್ ಆದರೆ ತಕ್ಷಣ ಬೀಳಲು ಅದರ ಐದರಿಂದ ಹತ್ತು ಪಟ್ಟು ಕರೆಂಟ್ ಹರಿಯಬೇಕು, ಅಂದರೆ 80 ಆಂಪಿಯರ್ ಮೇಲೆ. ನಾಲ್ಕು ಆಂಪಿಯರ್‌ಗೆ ಅದು ಬೀಳುವುದೇ ಇಲ್ಲ. ಗೀಸರಿನ ಬಾಡಿ ಸುಮ್ನೆ ಕರೆಂಟ್ ಹೊತ್ತುಕೊಂಡು ನಿಂತಿರುತ್ತದೆ, ಯಾರಾದರೂ ಮುಟ್ಟುವವರೆಗೆ. ಅಲ್ಲಿಯವರೆಗೆ ನಾನು, ಎಂಸಿಬಿ ಇದೆಯಲ್ಲ, ಏನಾದರೂ ಆದರೆ ಬೀಳುತ್ತದೆ ಅಂತಲೇ ನಂಬಿದ್ದೆ.

ಗುಂಡಿ ತೋಡುವುದೇ ದೊಡ್ಡ ಕೆಲಸವಾಯಿತು. ನಮ್ಮ ಮನೆ ನಿಂತಿರುವುದು ಕೆಂಪು ಕಲ್ಲಿನ ಮೇಲೆ. ಇಲ್ಲಿಯವರು ಚಿರೆ ಅಂತ ಕಡಿದು ಗೋಡೆ ಕಟ್ಟುತ್ತಾರಲ್ಲ, ಅದೇ. ಅರ್ಧ ಅಡಿ ಮಣ್ಣು ಸರಿದರೆ ಹಾರೆ ಠಣ್ ಅನ್ನುತ್ತದೆ. ಕೊನೆಗೆ ಡ್ರಿಲ್ ಮಾಡುವ ಸಣ್ಣ ಮಷಿನ್ ತರಿಸಿದೆವು. ಎರಡು ಮೀಟರ್ ಜಿಐ ಎಲೆಕ್ಟ್ರೋಡ್ (ಅದೇ ಲೋಹದ ಕಂಬಿ) ಇಳಿಸಿ, ಸುತ್ತ ಬೆಂಟೊನೈಟ್ (ನೀರು ಹಿಡಿದಿಡುವ ಜೇಡಿ) ಮತ್ತು ಗ್ರಾಫೈಟ್ ಇರುವ ಪುಡಿಯನ್ನು ನೀರಲ್ಲಿ ಕಲಸಿ ತುಂಬಿದರು. ಎಲ್ಲಾ ಸೇರಿ 11,500 ರೂಪಾಯಿ ಆಯಿತು, ಆರ್‌ಸಿಸಿಬಿ ಬೇರೆ.

ಮಾರಿದವರು ಒಂದು ಓಮ್ ಬರುತ್ತದೆ, ನೀರು ಹಾಕುವುದೂ ಬೇಡ ಅಂತ ಹೇಳಿದ್ದರು. ಜಾಗವನ್ನು ನೋಡದೆ ಹೇಳಿದ ಮಾತದು. ಒಂದು ವಾರದ ಮೇಲೆ ಅಳೆದಾಗ 14 ಓಮ್ ಬಂತು. ಆಗಸ್ಟಿನಲ್ಲಿ ನೆಲ ನೆನೆದು 8ಕ್ಕೆ ಇಳಿಯಿತು, ಖುಷಿಯಾಯಿತು. 2022ರ ಮೇ ತಿಂಗಳಲ್ಲಿ 27! ಕೆಂಪು ಕಲ್ಲು ಮಳೆಗಾಲದಲ್ಲಿ ನೀರು ಕುಡಿದುಕೊಂಡಿರುತ್ತದೆ, ಬೇಸಿಗೆಯಲ್ಲಿ ಒಣಗಿ ಬಿಡುತ್ತದೆ. ಹಾಕಿದ ದಿನ ಬರುವ ಸಂಖ್ಯೆಯೂ ಸುಳ್ಳೇ, ಯಾಕೆಂದರೆ ಆಗಷ್ಟೇ ಬಕೆಟ್‌ಗಟ್ಟಲೆ ನೀರು ಸುರಿದಿರುತ್ತಾರೆ. ಗೋವಾದಲ್ಲಿ ಅರ್ಥಿಂಗ್ ಮಾಡಿಸುವವರು ಏಪ್ರಿಲ್-ಮೇ ತಿಂಗಳ ಲೆಕ್ಕವನ್ನೇ ಕೇಳಿ. ಅಳೆಯುವಾಗ ಮೇನ್ ಆಫ್ ಮಾಡಿ, ಮನೆಯ ಅರ್ಥ್ ವೈರನ್ನು ಎಲೆಕ್ಟ್ರೋಡಿನಿಂದ ಬಿಚ್ಚಿರಬೇಕು, ಅದನ್ನೂ ಗಮನಿಸಿ. ಬಿಚ್ಚದೆ ಅಳೆದರೆ ಬೇರೆ ದಾರಿಗಳೂ ಸೇರಿಕೊಂಡು ಒಳ್ಳೆಯ ಸಂಖ್ಯೆ ತೋರಿಸುತ್ತದೆ.

ಅದೇ ವರ್ಷ ಮೂರು ಮೀಟರ್ ಆಚೆ ಇನ್ನೊಂದು ಎಲೆಕ್ಟ್ರೋಡ್ ಹಾಕಿಸಿ, ಎರಡನ್ನೂ ಸೇರಿಸಿದೆವು. ಹತ್ತಿರ ಹತ್ತಿರ ಹಾಕಿದರೆ ಪ್ರಯೋಜನ ಕಡಿಮೆ, ನಡುವೆ ಎಲೆಕ್ಟ್ರೋಡಿನ ಉದ್ದದಷ್ಟಾದರೂ ಜಾಗ ಬೇಕು. ಆಮೇಲಿಂದ ಮೇ ತಿಂಗಳಲ್ಲಿ 15ರ ಆಸುಪಾಸು ಇದೆ.

15 ಓಮ್ ಇದ್ದರೂ ಗೀಸರಿನ ಎಂಸಿಬಿ ತಕ್ಷಣ ಬೀಳುವುದಿಲ್ಲ, ಭಾಗಿಸಿ ನೋಡಿ. ಅದಕ್ಕೇ ನಾನು ಆರ್‌ಸಿಸಿಬಿಗೆ ಹೆಚ್ಚು ಅಂಕ ಕೊಡುತ್ತೇನೆ. ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲಿನಲ್ಲಿ ಪೂರ್ತಿ ವಾಪಸ್ ಬಂತಾ ಅಂತ ಅದು ನೋಡುತ್ತಾ ಇರುತ್ತದೆ. 30 ಮಿಲಿ ಆಂಪಿಯರ್ ಎಲ್ಲೋ ಸೋರಿಹೋದರೂ ಬೀಳುತ್ತದೆ. 27 ಓಮ್ ಇದ್ದಾಗಲೂ, ಅದು ಬೀಳಬೇಕಾದ ಮಟ್ಟ ಮುಟ್ಟುವಷ್ಟರಲ್ಲಿ ಗೀಸರಿನ ಬಾಡಿಯ ಮೇಲೆ ಒಂದು ವೋಲ್ಟ್ ಕೂಡ ಏರಿರುವುದಿಲ್ಲ. ಬರೀ ಆರ್‌ಸಿಸಿಬಿ ಹಾಕಿ ಅರ್ಥ್ ಬಿಟ್ಟರೆ, ಮನುಷ್ಯ ಮುಟ್ಟಿ ಅವನ ಮೈಯಿಂದ ಕರೆಂಟ್ ಹರಿದ ಮೇಲೆ ಅದು ಬೀಳುತ್ತದೆ. ಅರ್ಥ್ ಇದ್ದರೆ ಯಾರೂ ಮುಟ್ಟುವ ಮೊದಲೇ ಬೀಳುತ್ತದೆ.

ಮೊದಲ ದಿನ ಅದು ನಿಲ್ಲಲೇ ಇಲ್ಲ. ಲಿವರ್ ಎತ್ತಿದರೆ ಟಕ್ ಅಂತ ಬೀಳುತ್ತಿತ್ತು. ಮಾಲು ಕೆಟ್ಟಿದೆ ಅಂದುಕೊಂಡು ನಾನು ವಾಪಸ್ ಕೊಡಲು ಹೊರಟಿದ್ದೆ. ಹಾನಗಲ್ ಅಣ್ಣ ಒಂದೊಂದೇ ಸಾಕೆಟ್ ಬಿಚ್ಚುತ್ತಾ ಹೋದರು. ಅಡುಗೆಮನೆಯಲ್ಲಿ ಫ್ರಿಜ್ ಸಾಕೆಟ್ಟಿನ ಹಿಂದೆ ಸಿಕ್ಕಿತು: ಬೆರಳುದ್ದದ ಕಪ್ಪು ವೈರಿನ ತುಂಡು, ನ್ಯೂಟ್ರಲಿನಿಂದ ಅರ್ಥ್ ಪಿನ್ನಿಗೆ. ಅರ್ಥ್ ಇಲ್ಲ ಅಂತ ಯಾರೋ ಹಾಗೆ ಜೋಡಿಸಿದ್ದರು. ಅದನ್ನು ಬಿಚ್ಚಿ ನನ್ನ ಅಂಗೈಯಲ್ಲಿ ಇಟ್ಟು, "ಹೊರಗ ನ್ಯೂಟ್ರಲ್ ಕಟ್ಟಾಗಿದ್ರ ಫ್ರಿಜ್ಜಿನ ಬಾಗಿಲಾ ಪೂರಾ ಫೇಸ್ ಆಗ್ತಿತ್ರೀ" ಅಂದರು. ಆ ಬಾಗಿಲನ್ನು ನನ್ನ ಮಗಳು ದಿನಕ್ಕೆ ಹತ್ತು ಸಲ ತೆಗೆಯುತ್ತಿದ್ದಳು. ಆ ತುಂಡು ಹೋದ ಮೇಲೆ ಆರ್‌ಸಿಸಿಬಿ ನಿಂತಿತು. ಹಳೆಯ ಗೀಸರ್ ಆನ್ ಮಾಡಿದ ಕೂಡಲೇ ಮತ್ತೆ ಬಿತ್ತು. ಕಾಯಿಲ್ ಸೀಳಿತ್ತು, ಬದಲಾಯಿಸಿದೆವು. ಅವತ್ತಿನಿಂದ ನಲ್ಲಿಯಲ್ಲಿ ಜುಮ್ ಇಲ್ಲ.

ತೊಂದರೆಗಳೂ ಇವೆ. ಮೊದಲ ಜುಲೈಯಲ್ಲಿ ರಾತ್ರಿ ಎರಡು ಗಂಟೆಗೆ ಇಡೀ ಮನೆ ಕತ್ತಲಾಗುತ್ತಿತ್ತು. ಗೇಟಿನ ದೀಪದ ಹೋಲ್ಡರಿನಲ್ಲಿ ನೀರು ನಿಲ್ಲುತ್ತಿತ್ತು, ಅಷ್ಟೇ. ಇನ್ವರ್ಟರ್ ಹಾಕಿಸಿದಾಗ ಮತ್ತೆ ಬೀಳತೊಡಗಿತು, ಎರಡು ಲೈನಿನ ನ್ಯೂಟ್ರಲ್ ಒಂದಕ್ಕೊಂದು ಸೇರಿಹೋಗಿತ್ತು. ಈಗ ಹೊರಗಿನ ದೀಪಗಳಿಗೆ ಬೇರೆ ಆರ್‌ಸಿಸಿಬಿ ಇದೆ. ಪದೇ ಪದೇ ಬೀಳುತ್ತದೆ ಅಂತ ಅದನ್ನು ಬೈಪಾಸ್ ಮಾಡಿಸಿಕೊಳ್ಳುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ಬೀಳುತ್ತಿದೆ ಅಂದರೆ ಎಲ್ಲೋ ಏನೋ ಸೋರುತ್ತಿದೆ, ಇಲ್ಲವೇ ವೈರಿಂಗ್ ತಪ್ಪಿದೆ.

ಇನ್ನೊಂದು, ಎಲೆಕ್ಟ್ರೋಡಿನ ತಲೆಯ ಮೇಲಿನ ಜಾಯಿಂಟ್. ತಾಮ್ರದ ವೈರನ್ನು ನೇರವಾಗಿ ಜಿಐಗೆ ಬಿಗಿದಿದ್ದರು. ಎರಡನೇ ಮಳೆಗಾಲಕ್ಕೆ ನಟ್ಟು ಹಸಿರು, ಕಂದು ಪುಡಿ ಕಟ್ಟಿ ಸಡಿಲವಾಗಿತ್ತು. ಟಿನ್ ಲೇಪಿಸಿದ ಲಗ್ (ವೈರಿನ ತುದಿಗೆ ಹಾಕುವ ಲೋಹದ ಕೊಂಡಿ), ಸ್ಟೇನ್‌ಲೆಸ್ ನಟ್ಟು-ಬೋಲ್ಟು ಹಾಕಿಸಿ ಮೇಲೆ ಗ್ರೀಸ್ ಹಚ್ಚಿಸಿದೆ. ಕೆಳಗೆ ಎಂಥ ಒಳ್ಳೆಯ ಎಲೆಕ್ಟ್ರೋಡ್ ಇದ್ದರೂ ಆ ಜಾಯಿಂಟ್ ಬಿಟ್ಟುಹೋದರೆ ಮನೆಗೆ ಅರ್ಥ್ ಇಲ್ಲ. ಆರ್‌ಸಿಸಿಬಿಯ ಟೆಸ್ಟ್ ಬಟನ್ನಿಗೆ ಇದು ಗೊತ್ತಾಗುವುದಿಲ್ಲ. ಆ ಬಟನ್ ಆರ್‌ಸಿಸಿಬಿಯನ್ನು ಮಾತ್ರ ಪರೀಕ್ಷೆ ಮಾಡುತ್ತದೆ, ನೆಲದೊಳಗಿನ ಅರ್ಥನ್ನಲ್ಲ.

ಕೆಮಿಕಲ್ ಅರ್ಥಿಂಗಿಗೆ ಐದಕ್ಕೆ ಮೂರು, ಆರ್‌ಸಿಸಿಬಿಗೆ ಐದಕ್ಕೆ ಐದು. ಎರಡೂ ಬೇಕು. ದುಡ್ಡು ಒಟ್ಟಿಗೆ ಹೊಂದದಿದ್ದರೆ ಆರ್‌ಸಿಸಿಬಿ ಇವತ್ತೇ ಹಾಕಿಸಿ, ಅರ್ಥಿಂಗನ್ನು ಮಳೆಗೆ ಮುಂಚೆ ಮುಗಿಸಿ. ಮಳೆ ಶುರುವಾದರೆ ನಮ್ಮ ಕಡೆ ಆ ಮಷಿನ್ ತರಲು ಯಾರೂ ಒಪ್ಪುವುದಿಲ್ಲ. ಪ್ರತಿ ತಿಂಗಳ ಒಂದನೇ ತಾರೀಖು ಟೆಸ್ಟ್ ಬಟನ್ ಒತ್ತುವುದು ನಮ್ಮ ಮನೆಯಲ್ಲಿ ಅತ್ತೆಯ ಕೆಲಸ. ಈ ತಿಂಗಳೂ ಒತ್ತಿದರು, ಬಿತ್ತು.