'ಪರಿಸರ ಸ್ನೇಹಿ' ಮದುವೆ ಉಂಗುರ ಕೊಳ್ಳುವವರೇ, ಮೊದಲು ಕಾಗದ ಕೇಳಿ

ಮದುವೆಗೆ ಉಂಗುರ ಹುಡುಕುತ್ತಿದ್ದೀರಾ? ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ದಯವಿಟ್ಟು ಓದಿ.

ನಮ್ಮಿಬ್ಬರಿಗೂ ಗಣಿಯಿಂದ ಹೊಸದಾಗಿ ತೆಗೆದ ಚಿನ್ನ ಬೇಡವಾಗಿತ್ತು. ಸಣ್ಣ ಗಣಿಗಳಲ್ಲಿ ಪಾದರಸ ಹಾಕಿ ಚಿನ್ನ ಬೇರ್ಪಡಿಸುತ್ತಾರೆ, ದೊಡ್ಡ ಗಣಿಗಳಲ್ಲಿ ಸಯನೈಡ್ ಬಳಸುತ್ತಾರೆ. ಗೊತ್ತಿದ್ದೂ ಅದನ್ನು ಬೆರಳಿಗೆ ಹಾಕಿಕೊಳ್ಳಲು ಮನಸ್ಸಾಗಲಿಲ್ಲ. ಅಂಗಡಿಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಿದ್ದೆವು. "ನಮ್ಮದು ನೂರಕ್ಕೆ ನೂರು ರೀಸೈಕಲ್ಡ್ ಚಿನ್ನ ಮೇಡಂ. ಕಲ್ಲು ಲ್ಯಾಬಿನಲ್ಲಿ ಬೆಳೆಸಿದ ವಜ್ರ. ಭೂಮಿಗೆ ಒಂದು ಚೂರೂ ಹಾನಿ ಇಲ್ಲ" ಅಂದರು. ರೇಟು ಮಾಮೂಲಿಗಿಂತ ಜಾಸ್ತಿ. ಕೊಟ್ಟೆವು. ಸಿಕ್ಕವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡೂ ಬಂದೆವು. ಈಗ ಅದನ್ನು ನೆನೆಸಿಕೊಂಡರೇ ನಾಚಿಕೆ.

ಚಿನ್ನ ಎಲ್ಲಿಂದ ಬಂತು ಅನ್ನುವ ಕಾಗದವನ್ನು ಉಂಗುರದ ಜೊತೆಗೇ ಕೊಡುತ್ತೇವೆ ಅಂದಿದ್ದರು. ಉಂಗುರ ಬಂತು, ಕಾಗದ ಬರಲಿಲ್ಲ. ಕೇಳಿದರೆ, "ಒಳಗಡೆ 750 ಅಂತ ಮುದ್ರೆ ಇದೆ ನೋಡಿ."

750 ಅಂದರೆ ಸಾವಿರ ಪಾಲಿನಲ್ಲಿ 750 ಪಾಲು ಚಿನ್ನ, 18 ಕ್ಯಾರೆಟ್. ಅಷ್ಟೇ. ಅದು ಯಾರದ್ದೋ ಹಳೇ ಬಳೆಯೋ, ಗಣಿಯಿಂದ ನೇರ ಬಂದದ್ದೋ, ಮುದ್ರೆ ಹೇಳುವುದಿಲ್ಲ. ಹಾಗಂದಿದ್ದಕ್ಕೆ ಬಂದ ಉತ್ತರ ಇದು: "ಚಿನ್ನ ಯಾರೂ ಬಿಸಾಡಲ್ಲ ಮೇಡಂ. ಒಂದು ಲೆಕ್ಕದಲ್ಲಿ ಎಲ್ಲಾ ಚಿನ್ನವೂ ರೀಸೈಕಲ್ಡೇ."

ಹಾಗಾದರೆ ನಮ್ಮ ಹತ್ತಿರ ಜಾಸ್ತಿ ತಗೊಂಡಿದ್ದು ಯಾತಕ್ಕೆ?

ಬಿಡದೆ ಕೇಳಿದ ಮೇಲೆ ಒಂದು ಕಾಗದ ಕಳಿಸಿದರು. ಮೇಲೆ ದೊಡ್ಡದಾಗಿ ಕಿಂಬರ್ಲಿ ಪ್ರೋಸೆಸ್ ಅಂತ ಇತ್ತು. ನನ್ನ ಹುಡುಗ ಅದನ್ನು ನೋಡಿ ನಕ್ಕುಬಿಟ್ಟ. ನನಗೆ ಮೈಯೆಲ್ಲ ಉರಿಯಿತು. 2003ರಲ್ಲಿ ಶುರುವಾದ ಆ ವ್ಯವಸ್ಥೆ ಇರುವುದು ಗಣಿಯಿಂದ ಬಂದ ಕಚ್ಚಾ ವಜ್ರಕ್ಕೆ. ಬಂಡುಕೋರರ ಯುದ್ಧಕ್ಕೆ ಹಣ ಒದಗಿಸುವ ವಜ್ರ ಮಾರುಕಟ್ಟೆಗೆ ಬರಬಾರದು ಅಂತ ಮಾಡಿದ್ದು. ಪರಿಸರಕ್ಕೆ ಹಾನಿ ಆಗಿದೆಯೋ ಇಲ್ಲವೋ ಅಂತ ಅದು ನೋಡುವುದೇ ಇಲ್ಲ. ಲ್ಯಾಬಿನಲ್ಲಿ ಬೆಳೆಸಿದ ಕಲ್ಲಿಗೆ ಗಣಿ ವಜ್ರದ ಕಾಗದ! ಒಂದೋ ಕಾಗದ ಬೇರೆ ಯಾವುದೋ ಕಲ್ಲಿನದು, ಇಲ್ಲವೋ ನಮ್ಮ ಕಲ್ಲೇ ಗಣಿಯದು. ಯಾವುದು ಅಂತ ಕೇಳಿದೆ.

"ಸಪ್ಲೈಯರ್ ಕೊಟ್ಟಿದ್ದನ್ನೇ ಕಳಿಸಿದೀವಿ. ಇಲ್ಲಿವರೆಗೆ ಯಾರೂ ಇಷ್ಟೊಂದು ಕೇಳಿಲ್ಲ ಮೇಡಂ."

ಯಾರೂ ಕೇಳಿಲ್ಲವಂತೆ! ಅದಕ್ಕೇ ಇವರ ವ್ಯಾಪಾರ ನಡೀತಿದೆ.

ಕಲ್ಲು ಬೆಳೆಸಿದ್ದು ಯಾವ ಕರೆಂಟಿನಲ್ಲಿ ಅಂದರೆ ಅದಕ್ಕೂ ಉತ್ತರವಿಲ್ಲ. ಲ್ಯಾಬ್ ವಜ್ರಕ್ಕೆ ಸಾವಿರ ಡಿಗ್ರಿ ದಾಟುವ ಶಾಖ ಬೇಕಾಗಬಹುದು, ಕರೆಂಟು ಸುಮ್ನೆ ಬರುತ್ತಾ? ಕಲ್ಲಿದ್ದಲು ಸುಟ್ಟು ಮಾಡಿದ ಕರೆಂಟಾದರೆ 'ಒಂದು ಚೂರೂ ಹಾನಿ ಇಲ್ಲ' ಹೇಗಾಗುತ್ತದೆ? 2019ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ (ಗ್ರಾಹಕರಿಗೆ ಮೋಸ ಆಗದಂತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಲ್ಯಾಬ್ ವಜ್ರದ ಕೆಲವು ಕಂಪನಿಗಳಿಗೆ ಪತ್ರ ಬರೆದು, ಪುರಾವೆ ಇಲ್ಲದೆ 'ಪರಿಸರ ಸ್ನೇಹಿ' ಅಂತ ಜಾಹೀರಾತು ಕೊಡಬೇಡಿ ಅಂತ ಎಚ್ಚರಿಸಿತ್ತು. ಸುಮ್ನೆ ಅಲ್ಲ ಅಲ್ವಾ?

ಹಣ ವಾಪಸ್ ಕೇಳಿದೆವು. "ಅಳತೆ ಕೊಟ್ಟು ಮಾಡಿಸಿದ ಮಾಲು, ವಾಪಸ್ ಇಲ್ಲ. ಬೇಕಾದ್ರೆ ಹಳೇ ಚಿನ್ನದ ಲೆಕ್ಕದಲ್ಲಿ ತಗೋತೀವಿ" ಅಂದರು. ಅಂದರೆ ಇದನ್ನೇ ಕರಗಿಸಿ ಇನ್ನೊಬ್ಬರಿಗೆ ರೀಸೈಕಲ್ಡ್ ಅಂತ ಮಾರುತ್ತಾರೆ! ಆಗ ಮಾತ್ರ ಅವರು ಹೇಳಿದ್ದು ನಿಜವಾಗುತ್ತದೆ.

ನೀವು ಕೊಳ್ಳುವಾಗ 'ರೀಸೈಕಲ್ಡ್' ಅನ್ನುವುದನ್ನು ಬಿಲ್ಲಿನಲ್ಲೇ ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ. ಫೇರ್‌ಟ್ರೇಡ್, ಫೇರ್‌ಮೈನ್ಡ್ ಅನ್ನುವ ಪ್ರಮಾಣೀಕರಣ ಸಂಸ್ಥೆಗಳ ಮುದ್ರೆ ಇದ್ದರೆ ಅದು ಗಣಿ ಚಿನ್ನವೇ, ಆದರೆ ನಿಯಮ ಪಾಲಿಸುವ ಸಣ್ಣ ಗಣಿಗಳದ್ದು. ಅಂಗಡಿಗೆ ಅದರ ಪರವಾನಗಿ ಇದೆಯಾ ಅಂತ ನೀವೇ ಆ ಸಂಸ್ಥೆಯಲ್ಲಿ ವಿಚಾರಿಸಿ, ಅಂಗಡಿಯವರ ಮಾತು ಬೇಡ. ಮನೆಯಲ್ಲಿ ಹಳೇ ಒಡವೆ ಇದ್ದರೆ ಈ ತಲೆನೋವೇ ಬೇಡ. ಅಕ್ಕಸಾಲಿಗರ ಎದುರಿಗೇ ಕೂತು ಕರಗಿಸಿ ಮಾಡಿಸಿಕೊಳ್ಳಿ. ಎದುರಿಗೇ ಕೂತು.